ಗೋಡೆಯ ಮೇಲೆ ಎರಡು ಗಜ

ಮೂಗು ಸುಣ್ಣಕ್ಕೆ ತಾಕುವಷ್ಟು ಹತ್ತಿರ ಗೋಡೆಗೆ ಮುಖ ಮಾಡಿ ನಿಂತು, ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಒಂದರ ಮೇಲೊಂದರಂತೆ ಹತ್ತಿಸುತ್ತಿದ್ದ ಟೈಲರ್ ಮಾಸ್ಟರಿಗೆ ಇವತ್ತು ಬೆಳಿಗ್ಗೆ ಮೊದಲು ಬಂದದ್ದು ನೋವಲ್ಲ, ನಗು. ನಲವತ್ತಾರು ವರ್ಷ ಊರಿನವರ ಎದೆ, ಸೊಂಟ, ತೋಳು ಅಳೆದ ಮನುಷ್ಯ ಈಗ ಗೋಡೆ ಅಳೆಯುತ್ತಿದ್ದಾನೆ, ಅದೂ ಎರಡು ಬೆರಳಿನಲ್ಲಿ. ಒಂದು ಲೆಕ್ಕಕ್ಕೆ ಗೋಡೆ ಒಳ್ಳೆಯ ಗಿರಾಕಿಯೇ. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ, ನಾಳೆಯೇ ಬೇಕು ಎಂದು ಪೀಡಿಸುವುದಿಲ್ಲ. ಬೆರಳುಗಳು ಗಲ್ಲದ ಮಟ್ಟ ದಾಟಿದವು, ಕಿವಿಯ ಮಟ್ಟ ದಾಟಿದವು. ಹುಬ್ಬಿನಿಂದ ಎರಡು ಬೆರಳು ಮೇಲೆ ಒಂದು ಜಾಗವಿದೆ. ಕೈ ಅಲ್ಲಿಗೆ ಬಂದಾಗ ಭುಜದೊಳಗೆ ಯಾರೋ ಸೂಜಿ ಮರೆತು ಹೊಲಿದುಬಿಟ್ಟ ಹಾಗೆ ಚುಚ್ಚುತ್ತದೆ. ಅದನ್ನು ದಾಟುವಾಗ ಉಸಿರು ಬಿಡಬೇಕು, ಹಲ್ಲು ಕಚ್ಚಬಾರದು, ಹೆಗಲನ್ನೇ ಕಿವಿಯ ಕಡೆಗೆ ಎತ್ತಿ ಮೋಸ ಮಾಡಬಾರದು. ಹನ್ನೆರಡು ವಾರ ದಿನಕ್ಕೆ ಮೂರು ಸಲ ಗೋಡೆ ಹತ್ತಿ ಮಾಸ್ಟರು ತಾವೇ ಕಂಡುಕೊಂಡ ವಿದ್ಯೆ ಇದು. ಹನ್ನೆರಡು ವಾರದ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಹತ್ತೂವರೆಗೆ ಡಾಕ್ಟರಲ್ಲಿಗೆ ಹೋಗಬೇಕಿತ್ತು.

ಹನ್ನೆರಡು ವಾರದ ಹಿಂದೆ, ಬಿದ್ದು ಕೈ ಎತ್ತಲಾರದೆ ಬಂದಿದ್ದ ಮಾಸ್ಟರಿಗೆ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಭುಜದೊಳಗಿನ ಒಂದು ಸ್ನಾಯು ಅರ್ಧದಷ್ಟು ಹರಿದಿದೆ ಎಂದಿದ್ದರು. ಹರಿದಿದೆ ಎಂದ ಕೂಡಲೇ ಮಾಸ್ಟರ ಬಾಯಿಂದ, ಉದ್ದಕ್ಕೋ ಅಡ್ಡಕ್ಕೋ ಎಂಬ ಪ್ರಶ್ನೆ ಬಂದಿತ್ತು. ಬಟ್ಟೆಯಲ್ಲಾದರೆ ಅದೇ ಮುಖ್ಯ. ಡಾಕ್ಟರು ನಕ್ಕಿರಲಿಲ್ಲ. ವ್ಯಾಯಾಮ ಮಾಡಿ ನೋಡಬಹುದು, ಕೆಲವರಿಗೆ ಅದರಲ್ಲೇ ಸರಿಹೋಗುತ್ತದೆ, ಹೋಗದಿದ್ದರೆ ಆಪರೇಷನ್, ಆಪರೇಷನ್ ಆದಮೇಲೆ ಆರು ತಿಂಗಳು ಕತ್ತರಿ ಮುಟ್ಟುವಂತಿಲ್ಲ ಎಂದಿದ್ದರು. ಆರು ತಿಂಗಳು. ಅರವತ್ತೇಳನೆಯ ವಯಸ್ಸಿನಲ್ಲಿ ಆರು ತಿಂಗಳು ಕತ್ತರಿ ಕೆಳಗಿಟ್ಟ ಟೈಲರ್ ಅದನ್ನು ಮತ್ತೆ ಎತ್ತುವುದಿಲ್ಲ, ಅವನ ಗಿರಾಕಿಗಳು ರೆಡಿಮೇಡ್ ಅಂಗಡಿಯ ಕನ್ನಡಿಯ ಮುಂದೆ ನಿಂತು ಪರವಾಗಿಲ್ಲ, ಚೆನ್ನಾಗೇ ಇದೆ ಎಂದುಕೊಂಡುಬಿಡುತ್ತಾರೆ. ಕತ್ತರಿ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ತಾನು ಯಾರಾಗಬೇಕು ಎಂಬುದು ಮಾಸ್ಟರಿಗೆ ತಿಳಿದಿರಲಿಲ್ಲ. ಆ ಗಾಬರಿಯಲ್ಲಿ ಮಾತು ಬಾಯಿಂದ ಜಾರಿತ್ತು: ಹನ್ನೆರಡು ವಾರ ಕೊಡಿ, ಗೋಡೆಯ ಮೇಲೆ ಎರಡು ಗಜದ ಎತ್ತರ ಮುಟ್ಟಿಸಿ ತೋರಿಸುತ್ತೇನೆ, ಆಗದಿದ್ದರೆ ನೀವು ಹೇಳಿದ ದಿನ ಬಂದು ಮಲಗುತ್ತೇನೆ. ಎರಡು ಗಜ ಎಂದರೆ ಎಪ್ಪತ್ತೆರಡು ಇಂಚು. ಮಾಸ್ಟರ ಎತ್ತರವೇ ಅರವತ್ತಮೂರು. ಡಾಕ್ಟರು ಸರಿ ಎಂದು ಅದನ್ನು ಫೈಲಿನಲ್ಲಿ ಬರೆದುಕೊಂಡಿದ್ದರು.

ಬಿದ್ದದ್ದಾದರೂ ಹೇಗೆ? ಕೇಳಿದವರಿಗೆಲ್ಲ ಮಾಸ್ಟರು ಬಚ್ಚಲಲ್ಲಿ ಜಾರಿದೆ ಎಂದರು. ವಯಸ್ಸಾದವರು ಬಚ್ಚಲಲ್ಲಿ ಬಿದ್ದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಿಜ ಏನೆಂದರೆ, ಶಾಲೆಯಲ್ಲಿ ಪಾಠ ಹೇಳುವ ಹೆಂಗಸೊಬ್ಬಳು ಕೋಟು ಹೊಲಿಸಲು ಬಂದಿದ್ದಳು. ಮೇಲಿನ ಹಲಗೆಯಲ್ಲಿದ್ದ ಬೂದುಬಣ್ಣದ ಬಟ್ಟೆಯ ಥಾನು ತೋರಿಸಿ, ಅದನ್ನು ನೋಡಬಹುದೇ ಎಂದಳು. ಮಾಸ್ಟರು ಸ್ಟೂಲು ಎಳೆದರು. ಅವಳು ಒಳ್ಳೆಯ ಮನಸ್ಸಿನಿಂದಲೇ, ಅಜ್ಜ, ನೀವು ಇರಿ, ನಾನೇ ತೆಗೆದುಕೊಳ್ಳುತ್ತೇನೆ ಅಂದಳು. ಆ ಒಂದು ಪದ ಸಾಕಾಯಿತು. ಅಜ್ಜ ಸ್ಟೂಲು ಹತ್ತಿದರು, ಒಂದೇ ಕೈಯಲ್ಲಿ ಥಾನು ಎಳೆದರು, ಥಾನೂ ಅಜ್ಜನೂ ಒಟ್ಟಿಗೆ ಕೆಳಗೆ ಬಂದರು. ನೆಲದ ಮೇಲೆ ಮಲಗಿಕೊಂಡೇ, ಬಟ್ಟೆ ನೋಡಿ, ಎಷ್ಟು ಗಟ್ಟಿಯಾಗಿದೆ ಎಂದರಂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ. ಮೈಮೇಲಿನಿಂದ ಥಾನು ಎತ್ತಿದ್ದು ಹೆಂಡತಿ. ಬಚ್ಚಲಿನ ಕಥೆ ಹೊರಟಾಗ ಅವಳು ಎದುರು ಮಾತಾಡಲಿಲ್ಲ. ನೆರೆಯವರು ವಿಚಾರಿಸಲು ಬಂದಾಗ, ಸೋಪು ನೆಲದ ಮೇಲೇ ಬಿಟ್ಟಿದ್ದರು ಎಂದು ತನ್ನದೂ ಒಂದು ಎಳೆ ಸೇರಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರಿಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಭಾಗ್ಯವೂ ಇರಲಿಲ್ಲ, ಕೈ ಏಳುತ್ತಲೇ ಇರಲಿಲ್ಲ.

ವ್ಯಾಯಾಮ ಹೇಳಿಕೊಡುವ ಕೇಂದ್ರಕ್ಕೆ ಅವರು ಹೋದದ್ದು ಒಂದೇ ದಿನ. ಮೊಮ್ಮಗಳ ವಯಸ್ಸಿನ ಹುಡುಗಿ, ಒಳ್ಳೆಯವಳೇ, ಎಲ್ಲರನ್ನೂ ಸಾಲಾಗಿ ಕೂರಿಸಿ ರಬ್ಬರಿನ ಪಟ್ಟಿ ಎಳೆಸುತ್ತಿದ್ದಳು. ಎಡಕ್ಕೊಬ್ಬರು ಮಂಡಿಯವರು, ಬಲಕ್ಕೊಬ್ಬರು ಸೊಂಟದವರು. ಅವಳು ಒಂದು, ಎರಡು ಎಂದು ಜೋರಾಗಿ ಎಣಿಸುತ್ತ, ಸರಿಯಾಗಿ ಎಳೆದವರಿಗೆ ಚಪ್ಪಾಳೆ ತಟ್ಟುತ್ತಿದ್ದಳು. ತಮಗೂ ಚಪ್ಪಾಳೆ ಬಿದ್ದಾಗ ಮಾಸ್ಟರಿಗೆ ಅಲ್ಲೇ ಕುಗ್ಗಿಹೋಗುವಂತಾಯಿತು. ಜೊತೆಗೆ ಆ ಪಟ್ಟಿ ಏನು ಮಹಾ? ಲಂಗಕ್ಕೆ ಹಾಕುವ ಎಲಾಸ್ಟಿಕ್ ಅದಕ್ಕಿಂತ ಚೆನ್ನಾಗಿ ಎಳೆಯುತ್ತದೆ. ಅವಳು ಕೊಟ್ಟ ಚಿತ್ರಗಳ ಹಾಳೆಯನ್ನು ಜೇಬಿಗಿಳಿಸಿ ಮನೆಗೆ ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಬಾಗಿಲ ಹಿಡಿಗೆ ನಾಲ್ಕು ಮಡಿಕೆ ಎಲಾಸ್ಟಿಕ್ ಕಟ್ಟಿದರು. ಕಟಿಂಗ್ ಮೇಜಿನ ಮೇಲೆ ಎಡಗೈಯೂರಿ ಬಗ್ಗಿ, ಬಲಗೈಯನ್ನು ಜೋತುಬಿಟ್ಟು ಗಡಿಯಾರದ ಲೋಲಕದ ಹಾಗೆ ಆಡಿಸಿದರು. ಮೊದಲ ವಾರಗಳಲ್ಲಿ ಬರಿಗೈ, ಆಮೇಲೆ ಕೈಯಲ್ಲಿ ಒಂದು ದಾರದ ಉಂಡೆ, ಆಮೇಲೆ ಚಿಕ್ಕ ಇಸ್ತ್ರಿ ಪೆಟ್ಟಿಗೆ. ಬೆನ್ನಮೇಲೆ ಮಲಗಿ, ಗಜಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಟ್ಟಿಗೈ ಸೋತ ಕೈಯನ್ನು ತಲೆಯ ಹಿಂದಕ್ಕೆ ಕರೆದೊಯ್ಯುವಂತೆ ಮಾಡಿದರು. ಒಮ್ಮೆ ಆಸೆಬುರುಕತನದಿಂದ ಒಂದೇ ದಿನ ಎರಡು ದಿನದ ಪಾಠ ಮಾಡಿ, ಮೂರು ದಿನ ಕೈಯನ್ನು ಕತ್ತಿಗೆ ಕಟ್ಟಿದ ಜೋಳಿಗೆಯಲ್ಲಿಟ್ಟುಕೊಂಡು ಕೂರಬೇಕಾಯಿತು. ಅದಾದ ಮೇಲೆ ಬುದ್ಧಿ ಬಂತು. ಅಂದಹಾಗೆ ಆಸ್ಪತ್ರೆಯವರು ಕೊಟ್ಟ ಆ ಜೋಳಿಗೆಯ ಹೊಲಿಗೆ ನೋಡಲಾರದೆ, ಅದನ್ನು ಬಿಚ್ಚಿಸಿ ಹೆಂಡತಿಯ ಕೈಯಲ್ಲಿ ಮತ್ತೆ ಹೊಲಿಸಿದ್ದರು.

ಆ ಹೆಂಡತಿಯೇ ಹನ್ನೆರಡು ವಾರ ಅಂಗಡಿ ನಡೆಸಿದವಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗುಂಡಿ, ಕಾಜ, ಜಿಪ್ಪು, ಅಂಚು ಮಡಿಚುವುದು, ಇಷ್ಟೇ ಕೆಲಸ ಹಿಡಿದು, ಕೋಟು ಪ್ಯಾಂಟು ಎಂದು ಬಂದವರಿಗೆ ಮಾಸ್ಟರು ಬರುತ್ತಾರೆ ಸ್ವಲ್ಪ ತಾಳಿ ಎಂದು ಹೇಳಿ ಕಳಿಸುತ್ತಿದ್ದಳು. ಒಳಕೋಣೆಯಲ್ಲಿ ಎಲಾಸ್ಟಿಕ್ ಎಳೆಯುತ್ತಿದ್ದ ಮಾಸ್ಟರಿಗೆ ಅದು ಕೇಳಿಸುತ್ತಿತ್ತು. ಬರುತ್ತಾರೆ ಎಂದರೆ ಎಲ್ಲಿಂದ, ತಾನು ಇಲ್ಲೇ ಹತ್ತು ಹೆಜ್ಜೆ ದೂರದಲ್ಲಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಬೆಳಿಗ್ಗೆ ಅವಳು ಅವರ ತಲೆ ಬಾಚುತ್ತಿದ್ದಳು, ಅಂಗಿಯ ಗುಂಡಿ ಹಾಕುತ್ತಿದ್ದಳು. ಸಾವಿರಾರು ಅಂಗಿ ಹೊಲಿದವರಿಗೆ ಅಂಗಿ ತೊಡುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಾದದ್ದು ಈ ವಯಸ್ಸಿನಲ್ಲಿ. ಅವಳು ಗುಂಡಿ ಹಾಕುವಾಗ ಮಾಸ್ಟರು ಚಾವಣಿ ನೋಡುತ್ತಿದ್ದರು. ಅದಾದ ಮೇಲೆ ಗೋಡೆಯ ಪಾಠ. ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ಅವಳು ನೀಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದಳು, ನಿನ್ನೆಯ ಗೀಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ನೆಲದಿಂದ ಟೇಪು ಹಿಡಿದು ಅಳತೆ ಕೂಗುತ್ತಿದ್ದಳು. ಮಾಸ್ಟರು ಮೇಜಿಗೆ ಹೋಗಿ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲ ದಿನ ನಲವತ್ತನಾಲ್ಕು. ನಿನ್ನೆ ಎಪ್ಪತ್ತೊಂದು. ಎರಡು ಗಜಕ್ಕೆ ಇನ್ನೊಂದೇ ಇಂಚು ಬಾಕಿ.

ಇವತ್ತು ಹೆಂಡತಿ ಹಾಲು ತರಲು ಹೋಗಿದ್ದಳು. ಬರಲಿ ಎಂದು ಕಾಯಬಹುದಿತ್ತು. ಆದರೆ ಮಾಸ್ಟರಿಗೆ ತಡೆಯಲಾಗಲಿಲ್ಲ, ಆ ಕೊನೆಯ ಇಂಚು ಗೆದ್ದು ಅವಳನ್ನು ಬಾಗಿಲಲ್ಲೇ ಬೆರಗುಗೊಳಿಸಬೇಕೆನಿಸಿತು. ಬೆರಳು ಇನ್ನು ಏಳದು ಎನ್ನುವಲ್ಲಿಗೆ ಹೋಗಿ ನಿಂತಾಗ ಎಡಗೈಯಿಂದ ಗೀಟು ಎಳೆದರು. ಗೀಟು ನಿನ್ನೆಯದಕ್ಕಿಂತ ಅರ್ಧ ಇಂಚು ಮೇಲಿತ್ತು. ಕತ್ತಿನಲ್ಲಿದ್ದ ಟೇಪು ತೆಗೆದು, ತುದಿಯನ್ನು ಕಾಲಬೆರಳಿನಿಂದ ಒತ್ತಿ ಹಿಡಿದು ಎಳೆದು, ಅರವತ್ತು ಇಂಚಿನ ಟೇಪು ಮುಗಿದಲ್ಲಿಂದ ಮತ್ತೆ ಹಿಡಿದು ಕೂಡಿಸಿ ನೋಡಿದರು. ಅರವತ್ತೇಳೂವರೆ. ಟೇಪನ್ನೇ ಬೈದರು, ಬಟ್ಟೆಯ ಟೇಪು ಹಳೆಯದಾದರೆ ಹಿಗ್ಗುತ್ತದೆ ಎಂಬುದು ಎಲ್ಲ ಟೈಲರಿಗೂ ಗೊತ್ತು. ಗಜಕಡ್ಡಿ ತಂದು ಗೋಡೆಗೆ ಎರಡು ಸಲ ಇಟ್ಟು ಅಳೆದರು. ಅರವತ್ತೇಳೂವರೆಯೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಮ್ಮನ್ನೇ ಹಂಗಿಸಿಕೊಂಡು, ನಿನ್ನೆಯ ಗೀಟನ್ನು ಅಳೆದರು. ಅರವತ್ತೇಳು. ಪುಸ್ತಕದಲ್ಲಿ ಎಪ್ಪತ್ತೊಂದು. ನಾಲ್ಕು ಇಂಚು ಎಲ್ಲಿ ಹೋಯಿತು ಎಂದು ಕುರ್ಚಿಯಲ್ಲಿ ಕೂತು ಯೋಚಿಸಬೇಕಾದ ಅಗತ್ಯ ಅವರಿಗಿರಲಿಲ್ಲ. ಆದರೂ ಕೂತರು.

ಎರಡು ಇಂಚು ಎಲ್ಲಿ ಹೋಯಿತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಗಿರಾಕಿಯ ಸೊಂಟ ನಲವತ್ತು ದಾಟಿದರೆ ಮಾಸ್ಟರು ಎರಡು ಇಂಚು ಕಡಿಮೆ ಮಾಡಿ ಕೂಗುತ್ತಾರೆ. ಪುಸ್ತಕ ಹಿಡಿದ ಹೆಂಡತಿ ಕಿವಿಯಲ್ಲಿ ಕೇಳಿದ್ದಕ್ಕೆ ಎರಡು ಸೇರಿಸಿ ಬರೆಯುತ್ತಾಳೆ. ಗಿರಾಕಿಯ ಮುಖ ಅರಳುತ್ತದೆ, ಪ್ಯಾಂಟು ಹೊಂದುತ್ತದೆ, ಯಾರಿಗೂ ನಷ್ಟವಿಲ್ಲ. ಒಮ್ಮೆ ಅವಳು ತಾಯಿಯ ಮನೆಗೆ ಹೋಗಿದ್ದಾಗ ಹೊಸ ಕೆಲಸದವನೊಬ್ಬ ಕೇಳಿದ್ದನ್ನು ಕೇಳಿದಂತೆಯೇ ಬರೆದದ್ದರಿಂದ, ಹೈಸ್ಕೂಲಿನ ಹೆಡ್‌ಮಾಸ್ಟರು ಟ್ರಯಲ್ ಕೋಣೆಯಿಂದ ಅರ್ಧ ಗಂಟೆ ಹೊರಗೆ ಬಂದಿರಲಿಲ್ಲ. ಈಗ ಗೋಡೆಯ ಪಾಠದಲ್ಲಿ ಕೂಗುವವಳು ಅವಳು, ಬರೆಯುವವರು ಇವರು. ಐದನೆಯ ವಾರದಲ್ಲಿ ಕೈ ಐವತ್ತಾರಕ್ಕೆ ಹೋಗಿ ಹೂತುಕೊಂಡಿತು. ಒಂದು ದಿನವಲ್ಲ ಎರಡು ದಿನವಲ್ಲ, ಹನ್ನೊಂದು ದಿನ ಅವಳು ಐವತ್ತಾರು ಎಂದೇ ಕೂಗಿದಳು. ಹನ್ನೆರಡನೆಯ ದಿನ ಐವತ್ತೆಂಟು ಎಂದಳು. ಮಾಸ್ಟರ ಕೈ, ಅಂದರೆ ಬರೆಯುವ ಕೈ, ಅರವತ್ತು ಎಂದು ಬರೆಯಿತು. ಅವಳು ಅಭ್ಯಾಸಬಲದಿಂದ ಎರಡು ಕಡಿಮೆ ಕೂಗಿರಬಹುದು, ಬರೆಯುವವನು ಸೇರಿಸಬೇಕಾದದ್ದೇ ಪದ್ಧತಿ ಎಂದು ಒಳಗೊಳಗೇ ಸಮಜಾಯಿಷಿ ಕೊಟ್ಟುಕೊಂಡಿದ್ದರು. ಕಳ್ಳನಿಗೊಂದು ಪಿಳ್ಳೆ ನೆವ. ಅಲ್ಲಿಂದ ಇಲ್ಲಿಯವರೆಗೆ ದಿನವೂ ಎರಡು ಸೇರಿಸಿಯೇ ಬರೆದಿದ್ದರು, ಸೇರಿಸುತ್ತಿದ್ದೇನೆ ಎಂಬುದನ್ನು ಮರೆಯುವ ಮಟ್ಟಿಗೆ. ನಿನ್ನೆ ಅವಳು ಕೂಗಿದ್ದು ಅರವತ್ತೊಂಬತ್ತು. ಗೀಟು ಇದ್ದದ್ದು ಅರವತ್ತೇಳಕ್ಕೆ. ಹಾಗಾದರೆ ಇನ್ನುಳಿದ ಎರಡು ಅವಳದು.

ಮಾಸ್ಟರಿಗೆ ಮೊದಲು ಬಂದದ್ದು ಸಿಟ್ಟು. ತನ್ನನ್ನೂ ಹೊಟ್ಟೆ ಬಂದ ಗಿರಾಕಿಯ ಸಾಲಿಗೆ ಸೇರಿಸಿದಳಲ್ಲ! ನಲವತ್ತಾರು ವರ್ಷ ಎಷ್ಟು ಜನರ ಬೆನ್ನ ಹಿಂದೆ ನಿಂತು ಸುಳ್ಳು ಕೂಗಿದ್ದೇನೆ, ಅವರೆಲ್ಲ ಎಷ್ಟು ಸುಲಭವಾಗಿ ನಂಬಿ ಎದೆಯುಬ್ಬಿಸಿಕೊಂಡು ಹೋದರು ಎಂದು ನೆನಪಾಯಿತು. ತಾನೂ ಹಾಗೇ ಎದೆಯುಬ್ಬಿಸಿಕೊಂಡು ಓಡಾಡಿದ್ದೆ ಎಂದು ಕಿವಿ ಬಿಸಿಯಾಯಿತು. ಆದರೆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ತನ್ನದೇ ಎರಡು ಇಂಚು ಬಗಲಲ್ಲಿಟ್ಟುಕೊಂಡು ಇನ್ನೊಬ್ಬರ ಎರಡು ಇಂಚಿಗೆ ಬೈಯುವುದು ಹೇಗೆ? ಹೆದರಿಕೆ ಮಾತ್ರ ಉಳಿಯಿತು. ಹತ್ತೂವರೆಗೆ ಡಾಕ್ಟರ ಗೋಡೆಯ ಮೇಲೆ ಯಾರೂ ಏನನ್ನೂ ಸೇರಿಸುವುದಿಲ್ಲ. ನಾಲ್ಕೂವರೆ ಇಂಚು ಕಡಿಮೆ ಬಿದ್ದ ಕೋಟನ್ನು ಯಾವ ಗಿರಾಕಿಯೂ ತೆಗೆದುಕೊಳ್ಳುವುದಿಲ್ಲ.

ಹೆಂಡತಿ ಹಾಲಿನೊಂದಿಗೆ ಬಂದವಳು, ಗೋಡೆಗೆ ಒರಗಿಸಿದ್ದ ಗಜಕಡ್ಡಿಯನ್ನೂ ಅವರ ಮುಖವನ್ನೂ ನೋಡಿ, ಒಳಗೆ ಹೋದಳು. ಪಾತ್ರೆ ಒಲೆಗಿಟ್ಟ ಸದ್ದಾಯಿತು. ಆಮೇಲೆ ಬಂದು ಬಾಗಿಲಲ್ಲಿ ನಿಂತಳು.

"ಅಳೆದ್ರಾ?" ಅಂದಳು.

"ಅಳೆದೆ."

"ಎಷ್ಟು?"

"ಅರವತ್ತೇಳೂವರೆ. ನಿಂದು ಎರಡು, ನಂದು ಎರಡು ತೆಗೆದ್ರೆ ಅಷ್ಟೇ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನೀವು ಎರಡು ಸೇರಿಸಿ ಬರೆದಿದ್ದನ್ನ ನಾನು ಅವತ್ತೇ ಪುಸ್ತಕದಲ್ಲಿ ನೋಡ್ದೆ."

"ನೋಡಿ ಯಾಕೆ ಸುಮ್ನಿದ್ದೆ?"

"ಹನ್ನೊಂದು ದಿನ ಆದ್ಮೇಲೆ ನೀವು ಹೊಟ್ಟೆ ತುಂಬ ಊಟ ಮಾಡಿದ್ದು ಅವತ್ತೇ ಕಣ್ರೀ. ಊಟ ಮುಗಿಸಿ ಕೈ ತೊಳೆದೋರು, ಇನ್ನೊಂದು ಸಲ ಗೋಡೆ ಹತ್ತೀನಿ ಅಂತ ಎದ್ರಿ. ಅಷ್ಟರೊಳಗೆ ನಾನು ಬಂದು, ಇಲ್ಲ, ಅದು ಐವತ್ತಾರೇ ಅನ್ಬೇಕಿತ್ತಾ?"

ಮಾಸ್ಟರು ಅಳತೆ ಪುಸ್ತಕ ಮುಚ್ಚಿದರು. ಆ ಹನ್ನೊಂದು ದಿನಗಳು ನೆನಪಾದವು. ತಟ್ಟೆ ಸರಿಸಿ ಎದ್ದದ್ದು, ಗೋಡೆಗೆ ಬೆನ್ನು ಮಾಡಿ ಮಲಗಿದ್ದು, ಅಂಗಡಿಯ ಫಲಕವನ್ನು ಇಳಿಸಲು ಯಾರನ್ನು ಕರೆಯಬೇಕು ಎಂದು ಅವಳೆದುರೇ ಜೋರಾಗಿ ಯೋಚಿಸಿದ್ದು. ಅವಳು ಆಗಲೂ ಸುಮ್ಮನೆ ಗುಂಡಿ ಹೊಲಿಯುತ್ತಿದ್ದಳು. ಸುಳ್ಳಿನ ನಾಲ್ಕು ಇಂಚು ಸಿಕ್ಕ ಮೇಲೆ ನಿಜವಾದ ಹನ್ನೊಂದೂವರೆ ಇಂಚು ಬಂದಿತ್ತು ಎಂಬ ಲೆಕ್ಕ ಈಗ ಹೊಳೆಯಿತು. ಎದುರು ನಿಂತವಳ ಮೇಲೆ ಒಂದು ಪ್ರೀತಿ ಬಂತು, ನಲವತ್ತು ವರ್ಷದ ಸಂಸಾರದಲ್ಲಿ ಅದಕ್ಕೊಂದು ಮಾತು ಹೊಂದಿಸಿಟ್ಟುಕೊಂಡಿರಲಿಲ್ಲವಾದ್ದರಿಂದ, ಹಾಲು ಉಕ್ಕೀತು ನೋಡು ಎಂದರು. ಅವಳು ಓಡಿದಳು. ಮಾಸ್ಟರು ತಾವೇ ಅಂಗಿ ಹಾಕಿಕೊಂಡರು. ಬಲತೋಳು ಮೊದಲು, ಆಮೇಲೆ ಎಡ, ಆಮೇಲೆ ಮೇಲಿನಿಂದ ಒಂದೊಂದೇ ಗುಂಡಿ. ಕೊನೆಯ ಗುಂಡಿಗೆ ಬಂದಾಗ ಇದನ್ನು ಹತ್ತು ದಿನದಿಂದ ತಾನೇ ಮಾಡುತ್ತಿದ್ದೇನೆ ಎಂಬುದು ಗಮನಕ್ಕೆ ಬಂತು. ಇಂಚಿನ ಗಲಾಟೆಯಲ್ಲಿ ಇದನ್ನು ಯಾರೂ ಪುಸ್ತಕದಲ್ಲಿ ಬರೆದಿರಲಿಲ್ಲ.

ಇಬ್ಬರೂ ಬಸ್ಸು ಹತ್ತಿದರು. ಅಳತೆ ಪುಸ್ತಕ ಅವಳ ಚೀಲದಲ್ಲಿತ್ತು. ಡಾಕ್ಟರಿಗೆ ಏನು ಹೇಳಬೇಕು ಎಂದು ಮಾಸ್ಟರು ಮನಸ್ಸಿನಲ್ಲೇ ನಾಲ್ಕು ಥರ ಹೊಲಿದು ನಾಲ್ಕನ್ನೂ ಬಿಚ್ಚಿದರು. ಎದುರಿನ ಸೀಟಿನ ಮನುಷ್ಯನ ಕಾಲರು ಒಂದು ಕಡೆ ಎದ್ದಿತ್ತು. ಅದನ್ನು ನೋಡುತ್ತ ಕುಳಿತಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಹೆಂಡತಿ ಒಂದು ಸಲ ಅವರ ಕತ್ತನ್ನು ನೋಡಿ ಏನೋ ಹೇಳಲು ಹೋಗಿ, ನಕ್ಕು, ಕಿಟಕಿಯ ಕಡೆ ತಿರುಗಿದಳು.

ಡಾಕ್ಟರು ಫೈಲು ತೆರೆದು, ಎರಡು ಗಜ ಅಲ್ಲವೇ ಎಂದರು. ಮಾಸ್ಟರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಎಪ್ಪತ್ತೊಂದು ಇದೆ, ಅದು ಸುಳ್ಳು, ನಿಜ ಅರವತ್ತೇಳೂವರೆ ಎಂದರು. ಯಾರು ಸೇರಿಸಿದ್ದು ಎಂದು ಹೇಳಲಿಲ್ಲ, ಡಾಕ್ಟರು ಕೇಳಲೂ ಇಲ್ಲ. ಪುಸ್ತಕ ಮುಟ್ಟದೆ ಎದ್ದು ಬಂದರು. ಕೈಯನ್ನು ಮುಂದಕ್ಕೆ ಎತ್ತಿಸಿದರು, ಪಕ್ಕಕ್ಕೆ ಎತ್ತಿಸಿದರು, ಬೆನ್ನ ಹಿಂದೆ ಒಯ್ಯಿಸಿದರು, ತಮ್ಮ ಅಂಗೈಗೆ ವಿರುದ್ಧವಾಗಿ ಒತ್ತಿ ಎಂದರು. ಮಾಸ್ಟರು ಒತ್ತಿದ ರಭಸಕ್ಕೆ ಡಾಕ್ಟರು ಅರ್ಧ ಹೆಜ್ಜೆ ಹಿಂದೆ ಸರಿದರು. ವ್ಯಾಯಾಮ ಯಾರು ಮಾಡಿಸಿದ್ದು ಎಂದಾಗ, ಇಬ್ಬರೇ, ಮನೆಯಲ್ಲೇ ಎಂದು ಹೆಂಡತಿ ಹೇಳಿದಳು.

"ಬಲ ಬಂದಿದೆ," ಅಂದರು ಡಾಕ್ಟರು. "ಮೇಲೆ ಒಂದಿಷ್ಟು ಕಡಿಮೆ ಇದೆ. ಆಪರೇಷನ್ ಮಾಡಿದ್ರೆ ಅದು ತುಂಬಬಹುದು, ತುಂಬದೇನೂ ಇರಬಹುದು. ನಿಮ್ಮ ಕೆಲಸಕ್ಕೆ ಇಷ್ಟು ಸಾಕೋ ಸಾಲದೋ, ಅದು ನನಗೆ ಗೊತ್ತಾಗೋದಿಲ್ಲ. ನೀವೇ ಹೇಳ್ಬೇಕು."

ಸಾಕೋ ಸಾಲದೋ. ಹನ್ನೆರಡು ವಾರದಲ್ಲಿ ಈ ಪ್ರಶ್ನೆಯನ್ನು ಮಾಸ್ಟರು ಕೇಳಿಕೊಂಡೇ ಇರಲಿಲ್ಲ. ಕಣ್ಣು ಮುಚ್ಚಿ ಅಂಗಡಿಯೊಳಗೆ ಒಂದು ಸುತ್ತು ಹಾಕಿದರು. ಕಟಿಂಗ್ ಮೇಜು ಸೊಂಟದ ಎತ್ತರ. ಮಷೀನು ಅದಕ್ಕಿಂತ ಕೆಳಗೆ. ಕನ್ನಡಿ, ಹ್ಯಾಂಗರು, ಇಸ್ತ್ರಿ ಹಲಗೆ, ಎಲ್ಲ ಎಟಕುವಂಥವು. ಎಪ್ಪತ್ತೆರಡು ಇಂಚಿನಲ್ಲಿ ಏನಿದೆ? ಆ ಮೇಲಿನ ಹಲಗೆ ಬಿಟ್ಟರೆ ಇನ್ನೇನೂ ಇಲ್ಲ. ಬೀಳಿಸಿದ ಹಲಗೆಗೇ ಮತ್ತೆ ಕೈ ಹಾಕಲು ಹನ್ನೆರಡು ವಾರ ತಯಾರಿ ನಡೆಸಿದ್ದೆನೇ ಎಂದು ಮಾಸ್ಟರಿಗೆ ಗಟ್ಟಿಯಾಗಿ ನಗು ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ; ಕೈಯ ವಿಷಯ ಹೇಳಲು ಮರೆತಿದ್ದರು. ಥಾನುಗಳನ್ನೆಲ್ಲ ಕೆಳಗಿಳಿಸಿಟ್ಟರೆ ಮುಗಿಯಿತು. ಆದರೆ ಗಿರಾಕಿ? ಗಿರಾಕಿಯೇ ಅಲ್ಲವೇ ಟೈಲರ ಕೈ ಏರಬೇಕಾದ ಅತಿ ಎತ್ತರದ ಜಾಗ?

ಕಣ್ಣು ತೆರೆದಾಗ ಎದುರಿಗೆ ಡಾಕ್ಟರು ನಿಂತಿದ್ದರು. ಆರಡಿಯ ಆಳು. ಮೈಮೇಲಿದ್ದ ಬಿಳಿಕೋಟು ಹಿಂದೆ ಗಿಡ್ಡವಾಗಿ, ಮುಂದೆ ಜೋತು, ಯಾರೋ ಇನ್ನೊಬ್ಬರದನ್ನು ಬೇಡಿ ತಂದ ಹಾಗಿತ್ತು. ಮಾಸ್ಟರ ಕೈ ಕತ್ತಿಗೆ ಹೋಯಿತು. ಟೇಪು ಅಲ್ಲೇ ಇತ್ತು, ಮನೆಯಿಂದ ಹೊರಡುವಾಗ ತೆಗೆಯಲು ಮರೆತಿದ್ದರು.

"ತಿರುಗಿ ನಿಂತ್ಕೊಳ್ಳಿ," ಅಂದರು.

ಡಾಕ್ಟರು ತಿರುಗಿದರು. ಜನ ಟೇಪು ಕಂಡರೆ ಯಾಕೆಂದು ಕೇಳದೆ ತಿರುಗುತ್ತಾರೆ. ಮಾಸ್ಟರು ಭುಜದಿಂದ ಭುಜಕ್ಕೆ ಹಿಡಿದು, ಹದಿನೆಂಟೂಕಾಲು ಎಂದು ಕೂಗಿದರು. ಹಿಂದೆ ಹೆಂಡತಿ ಪುಸ್ತಕದ ಪುಟ ಮಗುಚಿದ ಸದ್ದು, ಪೆನ್ನಿನ ಸದ್ದು. ಇನ್ನು ಉದ್ದ. ಅದಕ್ಕೆ ಟೇಪಿನ ತುದಿಯನ್ನು ಕತ್ತಿನ ಹಿಂದಿನ ಮೂಳೆಯ ಮೇಲೆ ಬಲಗೈಯಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಕೆಳಗಿನವರೆಗೆ ಬಿಡಬೇಕು. ಬಲಗೈ ಮೇಲೇರಿತು. ಡಾಕ್ಟರ ಕತ್ತಿನ ಮೂಳೆ ಇದ್ದದ್ದು ಸರಿಯಾಗಿ ಆ ಸೂಜಿ ಚುಚ್ಚುವ ಎತ್ತರದಲ್ಲಿ, ಮಾಸ್ಟರ ಹುಬ್ಬಿನಿಂದ ಎರಡು ಬೆರಳು ಮೇಲೆ. ಮಾಸ್ಟರು ಉಸಿರು ಬಿಟ್ಟರು, ಹೆಗಲು ಎತ್ತಲಿಲ್ಲ. ಹೆಬ್ಬೆರಳು ಮೂಳೆಯ ಮೇಲೆ ಕೂತಿತು. ಅವಸರವಿಲ್ಲದೆ ಟೇಪು ಕೆಳಗೆ ಬಿಟ್ಟು, ಬೆನ್ನಿನ ಗೆರೆಗೆ ಸರಿಹೊಂದಿಸಿ, ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ, ಅಳತೆ ಕೂಗಿದರು. ಕೂಗಿದ ಮೇಲೂ ಕೈ ಇಳಿಸಲಿಲ್ಲ.

"ನೋವಿದೆಯಾ?" ಎಂದು ಡಾಕ್ಟರು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಇದೆ."

"ಹಾಗಾದ್ರೆ ಆಪರೇಷನ್?"

"ಅಲ್ಲಾಡ್ಬೇಡಿ," ಅಂದರು ಮಾಸ್ಟರು. "ಮುಂದಿನ ಗುರುವಾರ ಟ್ರಯಲ್‌ಗೆ ಬನ್ನಿ."